ಹಳೆಯ ಹಾರರ್, ಫ್ಯಾಂಟಸಿ ಕಥೆಗಳನ್ನು ಗುಂಪಾಗಿ ಓದುವ ಬಗೆ

ಎಡ್ಗರ್ ಅಲನ್ ಪೋ, ಲವ್‌ಕ್ರಾಫ್ಟ್, ಎಂ. ಆರ್. ಜೇಮ್ಸ್, ಡನ್ಸೇನಿ ಎಂದೆಲ್ಲ ಹಳೆಯ ಇಂಗ್ಲಿಷ್ ಕಥೆಗಾರರ ಹೆಸರು ಹಿಡಿದು ಹುರುಪಿನಿಂದ ಶುರುವಾಗುವ ಓದಿನ ಬಳಗಗಳು ನಾಲ್ಕೈದು ಸಭೆಗಳಲ್ಲೇ ಸೊರಗುವುದುಂಟು. ‘ಈ ತಿಂಗಳು ಲವ್‌ಕ್ರಾಫ್ಟ್’ ಎಂದು ಗೊತ್ತು ಮಾಡಿರುತ್ತಾರೆ. ಒಬ್ಬರು ಎರಡು ಕಥೆ ಓದಿ ಬರುತ್ತಾರೆ, ಇನ್ನೊಬ್ಬರು ಬೇರೆ ಮೂರು, ಮತ್ತೊಬ್ಬರು ಸಿನಿಮಾ ನೋಡಿಕೊಂಡು ಬರುತ್ತಾರೆ. ಕೊನೆಗೆ ಎಲ್ಲರಿಗೂ ಗೊತ್ತಿರುವ ವಿಷಯವೆಂದರೆ ಲೇಖಕನ ಬದುಕಿನ ಗಾಸಿಪ್ ಮಾತ್ರ. ಲೇಖಕನ ಬದಲು ಒಂದು ಕಥೆಯನ್ನು ಆರಿಸಿಕೊಳ್ಳಿ, ಅದರ ಸರಿಯಾದ ಪಠ್ಯ ಹುಡುಕಿ, ಒಂದೇ ಪಟ್ಟಿಗೆ ಕೂತು ಗಟ್ಟಿಯಾಗಿ ಓದಿ, ಓದಿ ಮುಗಿದ ಮೇಲೆ ಮಾತಾಡಿ. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಸಭೆ ಕೆಡುತ್ತದೆ.

ಗಡಿಯಾರದ ಲೆಕ್ಕ

ಒಂದೇ ಪಟ್ಟಿಗೆ ಓದಬೇಕೆಂಬುದು ಪೋ ಹಾಕಿಕೊಟ್ಟ ನಿಯಮ. 1842ರಲ್ಲಿ ಹಾಥಾರ್ನ್‌ನ ಕಥೆಗಳನ್ನು ವಿಮರ್ಶಿಸುವಾಗ, ಸಣ್ಣಕಥೆ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ಓದಿ ಮುಗಿಯುವಂತಿರಬೇಕು ಎಂದು ಅವನು ಬರೆದ. ನಡುವೆ ಪುಸ್ತಕ ಮುಚ್ಚಿದರೆ ಹೊರಗಿನ ವ್ಯವಹಾರ ಒಳನುಗ್ಗುತ್ತದೆ, ಕಟ್ಟಿದ ಪರಿಣಾಮ ಸಡಿಲವಾಗುತ್ತದೆ ಎಂಬುದು ಅವನ ವಾದ. ಭಯದ ಕಥೆಗಂತೂ ಇದು ಅಕ್ಷರಶಃ ನಿಜ. ಕಾದಂಬರಿಯನ್ನು ಹತ್ತು ದಿನ ಎಳೆದರೂ ಪಾತ್ರಗಳು ನೆನಪಿರುತ್ತವೆ. ದೆವ್ವದ ಕಥೆಯನ್ನು ಎರಡು ದಿನಕ್ಕೆ ಒಡೆದರೆ ಎರಡನೇ ದಿನ ಕೈಗೆ ಸಿಗುವುದು ಬರೀ ಘಟನೆಗಳ ಪಟ್ಟಿ.

ಹಾಗಾಗಿ ಕಥೆ ಆರಿಸುವ ಮೊದಲು ಅದರ ಉದ್ದ ನೋಡಿ. ಇಂಗ್ಲಿಷ್ ಗದ್ಯವನ್ನು ಅವಸರವಿಲ್ಲದೆ ಗಟ್ಟಿಯಾಗಿ ಓದಿದರೆ ನಿಮಿಷಕ್ಕೆ 130ರಿಂದ 150 ಪದ ಸಾಗುತ್ತದೆ. 140 ಎಂದಿಟ್ಟುಕೊಂಡು ಲೆಕ್ಕ ಹಾಕಿ. ಪೋನ ‘ದಿ ಟೆಲ್-ಟೇಲ್ ಹಾರ್ಟ್’ (1843) ಸುಮಾರು 2,200 ಪದ, ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್‌ನ ‘ದಿ ಮಂಕೀಸ್ ಪಾ’ (1902) ಸುಮಾರು 4,000, ಅಂದರೆ ಅರ್ಧ ಗಂಟೆ. ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್‌ಳ ‘ದಿ ಯೆಲ್ಲೋ ವಾಲ್‌ಪೇಪರ್’ (1892) ಸುಮಾರು 6,000. ಜೇಮ್ಸ್‌ನ ‘ಓ, ವಿಸಲ್, ಅಂಡ್ ಐ’ಲ್ ಕಮ್ ಟು ಯೂ, ಮೈ ಲ್ಯಾಡ್’ ಹತ್ತಿರ ಹತ್ತಿರ ಒಂದು ಗಂಟೆ. ಲವ್‌ಕ್ರಾಫ್ಟ್‌ನ ‘ದಿ ಕಲರ್ ಔಟ್ ಆಫ್ ಸ್ಪೇಸ್’ (1927) ಸುಮಾರು 12,000 ಪದ, ಒಂದೂವರೆ ಗಂಟೆ ಬೇಡುತ್ತದೆ. ಅದಕ್ಕಿಂತ ಉದ್ದದ್ದನ್ನು ಒಂದು ಸಂಜೆಗೆ ಹಾಕಿಕೊಳ್ಳಬೇಡಿ. ಬ್ಲ್ಯಾಕ್‌ವುಡ್‌ನ ‘ದಿ ವಿಲೋಸ್’ (1907) ಎಷ್ಟೇ ಒಳ್ಳೆಯದಾದರೂ ಎರಡು ಗಂಟೆ ಮೀರುತ್ತದೆ. ಅದನ್ನು ಮನೆಯಲ್ಲಿ ಓದಿಕೊಂಡು ಬರಲು ಹೇಳಿ, ಸಭೆಯಲ್ಲಿ ಮರಳಿನ ಮೇಲೆ ಕಾಣಿಸಿಕೊಳ್ಳುವ ಕೊಳವೆಯಾಕಾರದ ಗುಳಿಗಳ ಭಾಗವನ್ನಷ್ಟೇ ಓದಿ.

ಐದರಿಂದ ಎಂಟು ಜನ ಇದ್ದರೆ ಸಾಕು. ಹನ್ನೆರಡು ದಾಟಿದರೆ ಓದು ಮುಗಿದ ಮೇಲೆ ಮಾತು ಎರಡು ಮೂರು ಗುಂಪಾಗಿ ಒಡೆಯುತ್ತದೆ.

ಮೊದಲ ಆರು ಸಭೆಗಳಿಗೆ

ಚರಿತ್ರೆಯ ಕ್ರಮದಲ್ಲಿ ಹೋಗಬೇಕೆಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. 1764ರ ‘ದಿ ಕ್ಯಾಸಲ್ ಆಫ್ ಒಟ್ರಾಂಟೋ’ದಿಂದ ಆರಂಭಿಸಿದರೆ ಮಾತ್ರ ಬಳಗ ಅಲ್ಲೇ ಮುಗಿದಂತೆ. ಹೊರೇಸ್ ವಾಲ್ಪೋಲ್‌ನ ಆ ಪುಸ್ತಕ ಗಾಥಿಕ್ ಕಾದಂಬರಿಯ, ಅಂದರೆ ಹಳೆ ಕೋಟೆ, ದೆವ್ವಗಳ ಕಥೆಯ ಮೂಲ, ನಿಜ. ಆದರೆ ಆಕಾಶದಿಂದ ದೈತ್ಯ ಶಿರಸ್ತ್ರಾಣ ಬಿದ್ದು ಮದುಮಗ ಸಾಯುವ ಅದರ ಆರಂಭಕ್ಕೆ ಇಂದಿನ ಓದುಗ ಹೆದರುವುದಿಲ್ಲ, ನಗುತ್ತಾನೆ. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಮೊದಲ ಸಭೆಗೆ ‘ದಿ ಮಂಕೀಸ್ ಪಾ’. ಭಾಷೆ ಸಲೀಸು, ಪಾತ್ರಗಳು ಐದು, ಮನೆ ಒಂದು. ಬಾಗಿಲಾಚೆ ನಿಂತದ್ದನ್ನು ಜೇಕಬ್ಸ್ ತೋರಿಸುವುದೇ ಇಲ್ಲ, ಮೂರನೇ ಕೋರಿಕೆಯ ಮಾತುಗಳನ್ನೂ ಹೇಳುವುದಿಲ್ಲ. ಚರ್ಚೆ ತಾನಾಗಿ ಹುಟ್ಟುತ್ತದೆ. ಎರಡನೆಯದಕ್ಕೆ ‘ದಿ ಟೆಲ್-ಟೇಲ್ ಹಾರ್ಟ್’. ಅದು ಚಿಕ್ಕದಾದ್ದರಿಂದ ಒಂದೇ ಸಂಜೆ ಇಬ್ಬರು ಬೇರೆಬೇರೆ ಧಾಟಿಯಲ್ಲಿ ಓದಬಹುದು. ಒಬ್ಬರು ಶಾಂತವಾಗಿ, ಇನ್ನೊಬ್ಬರು ಉದ್ವೇಗದಿಂದ. ಶಾಂತ ಓದೇ ಹೆಚ್ಚು ಹೆದರಿಸುತ್ತದೆ ಎಂದು ಗುಂಪು ತಾನೇ ಕಂಡುಕೊಳ್ಳಲಿ. ಮೂರನೆಯದಕ್ಕೆ ‘ದಿ ಯೆಲ್ಲೋ ವಾಲ್‌ಪೇಪರ್’. ದಿನಚರಿಯ ರೂಪದ ಕಥೆಯಾದ್ದರಿಂದ ನಿರೂಪಕಿಯ ನಂಬಿಕೆ ಎಲ್ಲಿ ಜಾರುತ್ತದೆ ಎಂದು ವಾಕ್ಯ ಹಿಡಿದು ತೋರಿಸಬಹುದು. ನಾಲ್ಕನೆಯದು ಜೇಮ್ಸ್‌ನ ‘ಓ, ವಿಸಲ್’, ಐದನೆಯದು ‘ದಿ ಕಲರ್ ಔಟ್ ಆಫ್ ಸ್ಪೇಸ್’. ಆರನೆಯದು ಫ್ಯಾಂಟಸಿಗೆ. ರಾಬರ್ಟ್ ಇ. ಹೊವರ್ಡ್‌ನ ‘ದಿ ಟವರ್ ಆಫ್ ದಿ ಎಲಿಫೆಂಟ್’ (1933) ಅಥವಾ ಸಿ. ಎಲ್. ಮೂರ್‌ಳ ‘ಬ್ಲ್ಯಾಕ್ ಗಾಡ್ಸ್ ಕಿಸ್’ (1934). ಎರಡೂ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂದವು. ಕತ್ತಿ ಹಿಡಿದ ಗಂಡಸರ ಕಥೆಗಳೇ ಸಾಕೆನಿಸಿದ್ದರೆ ಮೂರ್‌ಳ ನಾಯಕಿ ಜಿರೆಲ್ ಒಳ್ಳೆಯ ಆಯ್ಕೆ.

ಲವ್‌ಕ್ರಾಫ್ಟ್‌ನಿಂದ ‘ದಿ ಕಾಲ್ ಆಫ್ ಕತುಲು’ ಬಿಟ್ಟು ‘ಕಲರ್’ ಹಿಡಿದದ್ದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಕತುಲು’ ಮೂರು ಭಾಗದ ಕಡತ: ಒಬ್ಬನ ಟಿಪ್ಪಣಿ, ಇನ್ನೊಬ್ಬ ಇನ್‌ಸ್ಪೆಕ್ಟರ್‌ನ ಹೇಳಿಕೆ, ಮತ್ತೊಬ್ಬ ನಾವಿಕನ ಬರಹ. ಕಣ್ಣಲ್ಲಿ ಓದುವಾಗ ಈ ಜೋಡಣೆಯೇ ರುಚಿ, ಕಿವಿಯಲ್ಲಿ ಕೇಳುವಾಗ ಯಾರು ಯಾರಿಗೆ ಹೇಳಿದರು ಎಂಬುದೇ ತಪ್ಪಿಹೋಗುತ್ತದೆ. ‘ಕಲರ್’ ಒಂದೇ ತೋಟದ ಮನೆ, ಒಂದೇ ಸಂಸಾರ ನಿಧಾನವಾಗಿ ಹಾಳಾಗುವ ಕಥೆ. ಉಲ್ಕೆ ಬೀಳುತ್ತದೆ, ಹಣ್ಣು ದಪ್ಪಗಾಗಿ ಕಹಿಯಾಗುತ್ತದೆ, ಗಿಡಗಳು ಗಾಳಿಯಿಲ್ಲದೆ ಅಲ್ಲಾಡುತ್ತವೆ, ಆಮೇಲೆ ಎಲ್ಲ ಬೂದಿಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಹೆಸರುಗಳ ಗೋಜಲಿಲ್ಲ. ಸಾಯುವ ನೇಹಮ್ ಗಾರ್ಡ್ನರ್ ಆಡುನುಡಿಯಲ್ಲಿ ಬಿಟ್ಟುಬಿಟ್ಟು ಹೇಳುವ ಮಾತೊಂದೇ ಕಷ್ಟದ ಭಾಗ. ಓದುವವರು ಅದನ್ನು ಮೊದಲೇ ಎರಡು ಸಲ ಗಟ್ಟಿಯಾಗಿ ಓದಿ ನಾಲಗೆಗೆ ತಂದುಕೊಂಡಿರಬೇಕು. ನಟಿಸಲು ಹೋಗಬಾರದು, ಚುಕ್ಕೆಗಳಿದ್ದಲ್ಲಿ ಉಸಿರು ಬಿಟ್ಟರೆ ಸಾಕು.

ಯಾವ ಪಠ್ಯ

ಇದನ್ನು ಬಹುಪಾಲು ಬಳಗಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಮೇಲೆ ಇಬ್ಬರ ಕೈಯಲ್ಲಿ ಎರಡು ಬೇರೆ ಕಥೆಗಳಿರುವುದು ಚರ್ಚೆಯ ನಡುವೆ ಬಯಲಾಗುತ್ತದೆ.

‘ಫ್ರಾಂಕೆನ್‌ಸ್ಟೈನ್’ ನೋಡಿ. ಮೊದಲ ಮುದ್ರಣ 1818ರದು, ಮೂರು ಸಂಪುಟ, ಲೇಖಕಿಯ ಹೆಸರಿಲ್ಲ. 1831ರಲ್ಲಿ ಮೇರಿ ಶೆಲ್ಲಿ ತಾನೇ ತಿದ್ದಿ ಹೊಸ ಆವೃತ್ತಿ ತಂದಳು. ಮೊದಲನೆಯದರಲ್ಲಿ ಎಲಿಜಬೆತ್ ವಿಕ್ಟರ್‌ನ ಸೋದರತ್ತೆಯ ಮಗಳು. ಎರಡನೆಯದರಲ್ಲಿ ಮನೆಗೆ ತಂದು ಸಾಕಿದ ಅನಾಥೆ. 1818ರ ವಿಕ್ಟರ್ ತಾನೇ ಆಯ್ದುಕೊಂಡು ಕೆಡುತ್ತಾನೆ, 1831ರವನು ಮಾತುಮಾತಿಗೆ ವಿಧಿಯನ್ನು ದೂರುತ್ತಾನೆ. ‘ತಪ್ಪು ಯಾರದು’ ಎಂದು ಚರ್ಚೆಗೆ ಇಳಿದರೆ ಇಬ್ಬರೂ ತಮ್ಮ ತಮ್ಮ ಪ್ರತಿಯ ಪ್ರಕಾರ ಸರಿಯಾಗಿಯೇ ಇರುತ್ತಾರೆ! ಕೈಯಲ್ಲಿರುವುದು ಯಾವುದೆಂದು ತಿಳಿಯಲು ಮುಖಪುಟ ನಂಬಬೇಡಿ, ಅಧ್ಯಾಯಗಳನ್ನು ನೋಡಿ. ಸಂಖ್ಯೆ ಮೂರು ಸಲ ಒಂದರಿಂದ ಶುರುವಾದರೆ 1818ರದು. ಒಂದರಿಂದ ಇಪ್ಪತ್ನಾಲ್ಕರ ತನಕ ನೇರ ಓಡಿದರೆ 1831ರದು. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ಬಳಿ ಬೈರನ್‌ನ ಜೊತೆ ದೆವ್ವದ ಕಥೆಗಳ ಪಂಥ ನಡೆದದ್ದನ್ನು ಹೇಳುವ ಲೇಖಕಿಯ ಮುನ್ನುಡಿಯೂ 1831ರದೇ. ಮೊದಲ ಓದಿಗೆ 1818ರದ್ದು ಒಳ್ಳೆಯದು, ಅದರ ಅಂಚು ಹರಿತ.

ಲವ್‌ಕ್ರಾಫ್ಟ್‌ನ ತೊಂದರೆ ಬೇರೆ. ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್’ 1936ರಲ್ಲಿ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಮೂರು ಕಂತಾಗಿ ಬಂದಾಗ ಸಂಪಾದಕರು ಅವನ ಉದ್ದ ಪ್ಯಾರಾಗಳನ್ನು ಕತ್ತರಿಸಿ ತುಂಡು ಮಾಡಿದರು, ಕೊನೆಯ ಕಡೆ ಸಾಲುಗಳನ್ನೇ ತೆಗೆದರು. ಲೇಖಕ ಕೋಪದಿಂದ ತನ್ನ ಪ್ರತಿಗಳಲ್ಲಿ ಕೈಯಾರೆ ತಿದ್ದುತ್ತ ಕೂತ. ಹಸ್ತಪ್ರತಿಗಳನ್ನು ಹೋಲಿಸಿ ವಿದ್ವಾಂಸ ಎಸ್. ಟಿ. ಜೋಶಿ ಸಿದ್ಧಪಡಿಸಿದ ತಿದ್ದಿದ ಪಠ್ಯಗಳು ಆರ್ಕಮ್ ಹೌಸ್ ಪ್ರಕಾಶನದಿಂದ 1980ರ ದಶಕದಲ್ಲಿ ಬಂದವು. ಈಚಿನ ಒಳ್ಳೆಯ ಆವೃತ್ತಿಗಳು ಅದನ್ನೇ ಬಳಸುತ್ತವೆ. ಪುಸ್ತಕದಲ್ಲಿ ಪಠ್ಯದ ಬಗ್ಗೆ ಟಿಪ್ಪಣಿ ಇದೆಯೇ, ಜೋಶಿ ಹೆಸರಿದೆಯೇ ನೋಡಿ. ಇನ್ನೊಂದು ಗುರುತು ಕಾಗುಣಿತ: ಲವ್‌ಕ್ರಾಫ್ಟ್ ಅಮೆರಿಕದವನಾದರೂ ಬ್ರಿಟಿಷ್ ಕಾಗುಣಿತವನ್ನೇ ಬರೆಯುತ್ತಿದ್ದ. ಅದನ್ನೆಲ್ಲ ಅಮೆರಿಕದ ಕಾಗುಣಿತಕ್ಕೆ ಬದಲಿಸಿದ ಪ್ರತಿಯನ್ನು ಬೇರೆಯವರು ಮುಟ್ಟಿದ್ದಾರೆಂದೇ ಅರ್ಥ.

ಲವ್‌ಕ್ರಾಫ್ಟ್ ಮತ್ತು ಆಗಸ್ಟ್ ಡೆರ್ಲೆತ್ ಇಬ್ಬರ ಹೆಸರೂ ಇರುವ ಪುಸ್ತಕ ಕಂಡರೆ ಕೆಳಗಿಡಿ. 1937ರಲ್ಲಿ ಲವ್‌ಕ್ರಾಫ್ಟ್ ತೀರಿಕೊಂಡ ಮೇಲೆ ಅವನು ಬಿಟ್ಟುಹೋದ ಚೂರುಪಾರು ಟಿಪ್ಪಣಿಗಳ ಮೇಲೆ ಡೆರ್ಲೆತ್ ತಾನೇ ಬರೆದ ಕಥೆಗಳವು. ಡೆರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ 1939ರಲ್ಲಿ ಆರ್ಕಮ್ ಹೌಸ್ ಕಟ್ಟದಿದ್ದರೆ ಲವ್‌ಕ್ರಾಫ್ಟ್ ನಮಗೆ ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೂ ಆ ಜೋಡಿ ಹೆಸರಿನ ಪುಸ್ತಕದಿಂದ ಓದು ಶುರುಮಾಡಿದವರು ‘ಇವನಲ್ಲೇನಿದೆ ಅಂಥದ್ದು’ ಎಂದು ಕೈಬಿಡುತ್ತಾರೆ.

ಹೊವರ್ಡ್‌ನ ಕೋನನ್ ಎಂಬ ಕತ್ತಿವೀರನ ಕಥೆಗಳಿಗೂ ಇದೇ ಪಾಡು. 1966ರಿಂದ ಬಂದ ಜನಪ್ರಿಯ ಪೇಪರ್‌ಬ್ಯಾಕ್‌ಗಳಲ್ಲಿ ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಮತ್ತು ಲಿನ್ ಕಾರ್ಟರ್ ಅರ್ಧ ಬರೆದವನ್ನು ಪೂರ್ತಿ ಮಾಡಿದರು, ಬೇರೆ ನಾಯಕರ ಕಥೆಗಳನ್ನು ಕೋನನ್‌ಗೆ ಹೊಂದಿಸಿದರು, ತಮ್ಮದೂ ಸೇರಿಸಿದರು, ಎಲ್ಲವನ್ನೂ ನಾಯಕನ ವಯಸ್ಸಿನ ಕ್ರಮಕ್ಕೆ ಜೋಡಿಸಿದರು. ಹೊವರ್ಡ್ ಹಾಗೆ ಬರೆದೇ ಇರಲಿಲ್ಲ. 1932ರ ಡಿಸೆಂಬರ್‌ನಲ್ಲಿ ಅಚ್ಚಾದ ಮೊದಲ ಕೋನನ್ ಕಥೆಯಲ್ಲೇ ಅವನು ಸಿಂಹಾಸನದ ಮೇಲೆ ಬೇಸತ್ತು ಕೂತ ರಾಜ. ಮರುವರ್ಷದ ‘ಟವರ್’ನಲ್ಲಿ ಇನ್ನೂ ಹಸಿಬಿಸಿ ಕಳ್ಳ. ಯಾವುದೋ ಪ್ರಯಾಣಿಕ ಬಾಯಿಗೆ ಬಂದ ಕ್ರಮದಲ್ಲಿ ಹೇಳುತ್ತಿರುವ ಹಾಗಿರುತ್ತವೆ ಈ ಕಥೆಗಳು, ಅವನ್ನು ಸಾಲಾಗಿ ನಿಲ್ಲಿಸಿದರೆ ಆ ಸೊಗಸು ಹೋಗುತ್ತದೆ. 2003ರಿಂದ ಬಂದ ಡೆಲ್ ರೇ ಪ್ರಕಾಶನದ ಸಂಪುಟಗಳು ಮೂಲ ಪಠ್ಯವನ್ನು ಬರೆದ ಕ್ರಮದಲ್ಲಿ ಕೊಡುತ್ತವೆ.

ಕಥೆ ಮೊದಲು ಎಲ್ಲಿ, ಯಾವಾಗ ಅಚ್ಚಾಯಿತು ಎಂದು ನೋಡಲು ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್ ಇದೆ. ಇಪ್ಪತ್ತನೇ ಶತಮಾನದ ಆರಂಭದವರೆಗಿನ ಹೆಚ್ಚಿನ ಕಥೆಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಒಂದು ಎಚ್ಚರ: ಅಲ್ಲಿನ ‘ಫ್ರಾಂಕೆನ್‌ಸ್ಟೈನ್’ನಂಥವು ಒಂದಕ್ಕಿಂತ ಹೆಚ್ಚು ಪಠ್ಯಗಳಲ್ಲಿವೆ, ಕೊಂಡಿ ಕಳಿಸುವಾಗ ಯಾವುದೆಂದು ಹೇಳಿ ಕಳಿಸಿ. ಮುನ್ನುಡಿ ಇರುವ ಪುಸ್ತಕವಾದರೆ ಅದನ್ನು ಕಥೆಯ ನಂತರ ಓದಿ ಎಂದು ಮೊದಲೇ ಹೇಳಿಬಿಡಿ. ವಿದ್ವಾಂಸರ ಮುನ್ನುಡಿಗಳು ಮೂರನೇ ಪುಟದಲ್ಲೇ ಅಂತ್ಯವನ್ನು ನಿರಾತಂಕವಾಗಿ ಬಿಟ್ಟುಕೊಡುತ್ತವೆ.

ಗಟ್ಟಿಯಾಗಿ ಓದುವಾಗ

ಎಂ. ಆರ್. ಜೇಮ್ಸ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಹಸ್ತಪ್ರತಿಗಳ ವಿದ್ವಾಂಸ, ಮುಂದೆ ಅಲ್ಲೇ ಪ್ರೊವೋಸ್ಟ್, ಅಂದರೆ ಕಾಲೇಜಿನ ಮುಖ್ಯಸ್ಥ. ಅವನು ಕ್ರಿಸ್ಮಸ್ ಸಮಯದಲ್ಲಿ ಗೆಳೆಯರನ್ನು ಸೇರಿಸಿ, ಮೇಣದಬತ್ತಿಗಳಲ್ಲಿ ಒಂದನ್ನು ಮಾತ್ರ ಉಳಿಸಿ ಆರಿಸಿ, ಅದರ ಪಕ್ಕ ಕೂತು ಓದುತ್ತಿದ್ದ ಎಂದು ಕೇಳಿದವರು ಬರೆದಿಟ್ಟಿದ್ದಾರೆ. ಬತ್ತಿ ಬೇಕೆಂದೇನಿಲ್ಲ. ಓದುವವರ ಪುಟದ ಮೇಲೆ ಮಾತ್ರ ಬೆಳಕು ಬಿದ್ದರೆ ಸಾಕು. ಕೇಳುವವರ ಕೈಯಲ್ಲಿ ಫೋನಾಗಲಿ ಪುಸ್ತಕವಾಗಲಿ ಇರಬಾರದು. ಪುಟ ಕಣ್ಣ ಮುಂದಿದ್ದರೆ ಕಣ್ಣು ತಾನಾಗಿ ಕೆಳಗಿನ ಪ್ಯಾರಾಕ್ಕೆ ಹಾರುತ್ತದೆ.

ಗುಡುಗಿನ ಸದ್ದು, ಹಿನ್ನೆಲೆ ಸಂಗೀತ ಬೇಡವೇ ಬೇಡ. ಈ ಕಥೆಗಳಲ್ಲಿ ಭಯ ಹುಟ್ಟುವುದು ಉಪವಾಕ್ಯಗಳಲ್ಲಿ, ಅದನ್ನು ಕೇಳಿಸಿಕೊಳ್ಳಲು ನಿಶ್ಶಬ್ದ ಬೇಕು.

‘ಓ, ವಿಸಲ್’ ಕಥೆಯನ್ನೇ ತೆಗೆದುಕೊಳ್ಳಿ. ದೆವ್ವಗಳನ್ನು ಒಪ್ಪದ ಪ್ರೊಫೆಸರ್ ಪಾರ್ಕಿನ್ಸ್ ಸಮುದ್ರತೀರದ ಹೋಟೆಲಿಗೆ ಹೋಗುತ್ತಾನೆ, ಹಾಳುಬಿದ್ದ ಕಟ್ಟಡದ ಗುಳಿಯಲ್ಲಿ ಹಳೆಯ ಕಂಚಿನ ಸೀಟಿ ಸಿಗುತ್ತದೆ, ಊದುತ್ತಾನೆ. ಕಥೆಯ ಬಲವೆಲ್ಲ ಅವನ ಕೋಣೆಯಲ್ಲಿರುವ ಎರಡನೇ ಮಂಚದ ಮೇಲೆ ನಿಂತಿದೆ. ಆ ಮಂಚವನ್ನು ಜೇಮ್ಸ್ ಮೊದಲ ಪುಟಗಳ ಊಟದ ಹರಟೆಯಲ್ಲೇ ತಮಾಷೆಯಾಗಿ ತಂದಿಡುತ್ತಾನೆ: ದೆವ್ವ ಬರದ ಹಾಗೆ ನಾನು ಬಂದು ಆ ಮಂಚದಲ್ಲಿ ಮಲಗಲೇ ಎಂದು ಒಬ್ಬ ಸಹೋದ್ಯೋಗಿ ಕೀಟಲೆ ಮಾಡುತ್ತಾನೆ. ಆಮೇಲೆ ಕೆಲಸದವಳು ಬಂದು, ಎರಡೂ ಹಾಸಿಗೆಗಳಲ್ಲಿ ಮಲಗಿದ ಗುರುತಿತ್ತು, ಎರಡನ್ನೂ ಸರಿಮಾಡಬೇಕಾಯಿತು ಎನ್ನುವ ಅರ್ಥದ ಮಾತಾಡುತ್ತಾಳೆ. ಪಾರ್ಕಿನ್ಸ್ ಅದಕ್ಕೊಂದು ಸಮಾಧಾನ ಹುಡುಕಿಕೊಳ್ಳುತ್ತಾನೆ. ಓದುವವರು ಈ ಎರಡು ಕಡೆ ಧ್ವನಿ ಬದಲಿಸದೆ, ಆದರೆ ವೇಗ ತುಸು ತಗ್ಗಿಸಿ ಹೋಗಬೇಕು. ಒತ್ತಿ ಹೇಳಿದರೆ ಗುಟ್ಟು ರಟ್ಟಾಗುತ್ತದೆ, ನುಂಗಿ ಹೋದರೆ ಕೊನೆಯಲ್ಲಿ ಬೆಡ್‌ಶೀಟಿನ ಸುಕ್ಕು ಮುಖವಾಗಿ ಎದ್ದಾಗ ಅದು ಎಲ್ಲಿಂದಲೋ ಬಂದ ಹಾಗಾಗುತ್ತದೆ. ಆ ಮುಖದ ವರ್ಣನೆ ಒಂದೇ ವಾಕ್ಯದ ತುಣುಕು. ಅಲ್ಲಿ ನಿಲ್ಲಬೇಡಿ, ಜೇಮ್ಸೂ ನಿಲ್ಲುವುದಿಲ್ಲ.

ಕಥೆ ಓದುವವರು ಒಂದು ದಿನ ಮೊದಲು ಪೆನ್ಸಿಲಿನಿಂದ ಮೂರು ಬಗೆಯ ಗುರುತು ಹಾಕಿಕೊಂಡರೆ ಒಳ್ಳೆಯದು: ಉಸಿರು ತೆಗೆದುಕೊಳ್ಳುವ ಜಾಗ, ವೇಗ ತಗ್ಗಿಸುವ ಜಾಗ, ಉಚ್ಚಾರ ನೋಡಿಕೊಳ್ಳಬೇಕಾದ ಪದ. ಮ್ಯಾಕನ್‌ನ ‘ದಿ ವೈಟ್ ಪೀಪಲ್’ (1904) ಓದುವುದಾದರೆ ಉಸಿರಿನ ಗುರುತು ಕಡ್ಡಾಯ. ಅದರಲ್ಲಿನ ಹುಡುಗಿ ತನ್ನ ಕಥೆ ಬರೆದಿಟ್ಟ ಹಸಿರು ಪುಸ್ತಕ ಪ್ಯಾರಾ ಒಡೆಯದೆ ಪುಟಗಟ್ಟಲೆ ಹರಿಯುತ್ತದೆ. ಅರ್ಥವಾಗದ ಪದಕ್ಕೆ ಯಾರೂ ನಡುವೆ ತಡೆಯಬಾರದು. ಕೇಳುವಾಗ ಪ್ರತಿ ಪದ ತಿಳಿಯಬೇಕಿಲ್ಲ. ಲವ್‌ಕ್ರಾಫ್ಟ್‌ನ ವಿಶೇಷಣಗಳಲ್ಲಿ ಅರ್ಧದಷ್ಟು ಸದ್ದಿಗಾಗಿಯೇ ಇರುವಂಥವು.

ಮುಗಿದ ಮೇಲೆ

ಐದು ನಿಮಿಷ ಯಾರೂ ಮಾತಾಡಬೇಡಿ. ಮೊದಲ ಮಾತು ‘ಹೇಗಿತ್ತು?’ ಎಂದಾದರೆ ಉತ್ತರ ‘ಚೆನ್ನಾಗಿತ್ತು’ ಎಂದು ಬಂದು ಅಲ್ಲಿಗೆ ನಿಲ್ಲುತ್ತದೆ. ‘ಹೆದರಿಕೆ ಆಯಿತಾ?’ ಇನ್ನೂ ಕೆಟ್ಟದ್ದು, ಎಲ್ಲರೂ ಇಲ್ಲ ಎನ್ನುತ್ತಾರೆ. ಕೆಲಸಕ್ಕೆ ಬರುವ ಪ್ರಶ್ನೆಗಳು ಬೇರೆ. ಇದನ್ನು ಯಾರು ಹೇಳುತ್ತಿದ್ದಾರೆ, ಅವರಿಗೆ ಹೇಗೆ ಗೊತ್ತಾಯಿತು? ಕಣ್ಣಾರೆ ಕಂಡದ್ದೆಷ್ಟು, ಕೇಳಿದ್ದೆಷ್ಟು? ಸಹಜವಾದ ವಿವರಣೆ ಎಲ್ಲಿಯವರೆಗೆ ಸಾಲುತ್ತದೆ, ಯಾವ ವಾಕ್ಯದಲ್ಲಿ ಸೋಲುತ್ತದೆ? ಕೊನೆಯ ಪ್ಯಾರಾ ತೆಗೆದುಹಾಕಿದರೆ ಕಥೆಗೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆ ಲವ್‌ಕ್ರಾಫ್ಟ್‌ನ ಎಷ್ಟೋ ಕಥೆಗಳಿಗೆ ಅನಾನುಕೂಲವಾದದ್ದು, ಕೇಳಲೇಬೇಕಾದದ್ದು.

ಸಿನಿಮಾದ ನೆನಪು ಚರ್ಚೆಗೆ ಅಡ್ಡ ಬರುವುದು ಸಾಮಾನ್ಯ. ಸೂರ್ಯನ ಬೆಳಕಿಗೆ ಡ್ರಾಕುಲಾ ಸುಟ್ಟುಹೋಗುತ್ತಾನೆ ಎಂದು ಯಾರೋ ಹೇಳುತ್ತಾರೆ. ಸ್ಟೋಕರ್‌ನ 1897ರ ಕಾದಂಬರಿಯಲ್ಲಿ ಅವನು ಲಂಡನ್ನಿನಲ್ಲಿ ಹಗಲಲ್ಲೇ ಓಡಾಡುತ್ತಾನೆ, ಹಗಲಲ್ಲಿ ಅವನ ಶಕ್ತಿ ಕುಂದಿರುತ್ತದೆ ಅಷ್ಟೇ. ಬೆಳಕು ಕೊಲ್ಲುವುದು ಬಂದದ್ದು 1922ರ ‘ನಾಸ್ಫೆರಾಟು’ ಚಿತ್ರದಿಂದ. ಮಾತು ಬರದೆ ಗುರುಗುಟ್ಟುವ ದೈತ್ಯನೂ ಶೆಲ್ಲಿಯವನಲ್ಲ. ಅವಳ ದೈತ್ಯ ಮಿಲ್ಟನ್‌ನ ಮಹಾಕಾವ್ಯ ಓದಿಕೊಂಡವನು, ವಾದ ಮಾಡುವುದರಲ್ಲಿ ತನ್ನ ಸೃಷ್ಟಿಕರ್ತನನ್ನು ಮೀರಿಸುತ್ತಾನೆ. ಇಂಥ ಮಾತು ಬಂದಾಗ ‘ಪುಟ ತೋರಿಸಿ’ ಎಂಬ ಒಂದೇ ನಿಯಮವಿಟ್ಟುಕೊಳ್ಳಿ.

ಇನ್ನೊಂದನ್ನು ಸಭೆಗೆ ಮುಂಚೆಯೇ ನಿಭಾಯಿಸಬೇಕು. ಈ ಲೇಖಕರಲ್ಲಿ ಹಲವರ ಬರಹದಲ್ಲಿ ಜನಾಂಗದ್ವೇಷ ಕಣ್ಣಿಗೆ ರಾಚುವಷ್ಟಿದೆ. ಲವ್‌ಕ್ರಾಫ್ಟ್‌ನ ‘ದಿ ಹಾರರ್ ಅಟ್ ರೆಡ್ ಹುಕ್’ ಪೂರ್ತಿಯಾಗಿ ವಲಸಿಗರ ಮೇಲಿನ ಹೇಸಿಕೆಯಿಂದಲೇ ಕಟ್ಟಿದ್ದು, ‘ಕತುಲು’ವಿನ ಎರಡನೇ ಭಾಗದಲ್ಲೂ ಅದು ಧಾರಾಳವಾಗಿದೆ. ಹೊವರ್ಡ್‌ನಲ್ಲೂ ಉಂಟು. ಓದುವವರು ಮೊದಲೇ ಪೂರ್ತಿ ಓದಿಕೊಂಡು, ಇಂಥ ಸಾಲುಗಳಿವೆ ಎಂದು ಗುಂಪಿಗೆ ತಿಳಿಸಬೇಕು. ಆ ಸಾಲುಗಳನ್ನು ಸದ್ದಿಲ್ಲದೆ ಹಾರಿಸಿ ಓದುವುದು ಸರಿಯಲ್ಲ. ಕೇಳುವವರಿಗೆ ಲೇಖಕನ ಭಯ ಎಲ್ಲಿಂದ ಹುಟ್ಟುತ್ತಿದೆ ಎಂಬುದೇ ತಪ್ಪಾಗಿ ತಿಳಿಯುತ್ತದೆ. ಓದಲಾಗದು ಎನಿಸಿದರೆ ಬೇರೆ ಕಥೆ ಆರಿಸಿ.

ಫ್ಯಾಂಟಸಿಗೆ ಬೇರೆ ಪಟ್ಟು

ಭಯದ ಕಥೆ ಪರಿಚಿತ ಕೋಣೆಯಿಂದ ಶುರುವಾಗುತ್ತದೆ, ಹಳೆಯ ಫ್ಯಾಂಟಸಿ ಅಪರಿಚಿತ ಹೆಸರುಗಳಿಂದ. ಕೇಳುವವರು ಹತ್ತು ನಿಮಿಷದಲ್ಲಿ ಕಳೆದುಹೋಗುವುದು ಇದರಿಂದಲೇ. ಹೆಸರುಗಳ ಒಂದು ಹಾಳೆ ಮಾಡಿ ಹಂಚಿ: ಹೆಸರು, ಮನುಷ್ಯನೋ ಊರೋ ದೇವರೋ, ಅಷ್ಟೇ. ಸಂಬಂಧ, ಕಥೆ ಬರೆಯಬೇಡಿ. ಹೊವರ್ಡ್‌ಗೆ ಹಾಳೆಯೂ ಬೇಡ, ಅವನು ಓಟದಲ್ಲೇ ಪರಿಚಯ ಮಾಡಿಕೊಡುತ್ತಾನೆ.

ಕಿವಿಗೆ ಅತಿ ಹಿತವಾದವನು ಲಾರ್ಡ್ ಡನ್ಸೇನಿ. 1905ರ ‘ದಿ ಗಾಡ್ಸ್ ಆಫ್ ಪೆಗಾನಾ’ದ ತುಣುಕುಗಳು ಒಂದೆರಡು ಪುಟದವು, ಬೈಬಲಿನ ಲಯದಲ್ಲಿ ಬರೆದವು. ಒಂದೇ ಸಂಜೆ ಎಲ್ಲವನ್ನೂ ಓದಲು ಹೋಗಬೇಡಿ, ಆರು ಏಳು ದಾಟಿದ ಮೇಲೆ ಲಯವೇ ಜೋಗುಳವಾಗುತ್ತದೆ. ಪ್ರತಿ ಸಭೆಯ ಆರಂಭಕ್ಕೆ ಒಂದರಂತೆ ಇಟ್ಟುಕೊಂಡರೆ ತಡವಾಗಿ ಬರುವವರಿಗೂ ಅನುಕೂಲ. ಕ್ಲಾರ್ಕ್ ಆಶ್ಟನ್ ಸ್ಮಿತ್‌ನ ‘ದಿ ಎಂಪೈರ್ ಆಫ್ ದಿ ನೆಕ್ರೊಮ್ಯಾನ್ಸರ್ಸ್’ (1932) ಹಾರರ್ ಮತ್ತು ಫ್ಯಾಂಟಸಿ ಎರಡಕ್ಕೂ ಸಲ್ಲುವ ಕಥೆ, ಎರಡು ಪಂಗಡದ ಓದುಗರನ್ನು ಒಂದೇ ಸಭೆಗೆ ಕರೆಯಲು ಹೇಳಿಮಾಡಿಸಿದ್ದು.

ದೂರವಿಡಬೇಕಾದ ಎರಡು ಪ್ರಸಿದ್ಧ ಪುಸ್ತಕಗಳಿವೆ, ಕೆಟ್ಟವೆಂದಲ್ಲ. ವಿಲಿಯಂ ಹೋಪ್ ಹಾಜ್‌ಸನ್‌ನ ‘ದಿ ನೈಟ್ ಲ್ಯಾಂಡ್’ (1912) ಎರಡು ಲಕ್ಷ ಪದದ ಆಸುಪಾಸಿನದು, ಕೃತಕ ಹಳೆ ಇಂಗ್ಲಿಷಿನಲ್ಲಿ, ಸಂಭಾಷಣೆಯೇ ಇಲ್ಲದಂತೆ ಬರೆದದ್ದು. ಅವನ ಕಲ್ಪನೆಯ ರುಚಿ ನೋಡಲು ‘ದಿ ಹೌಸ್ ಆನ್ ದಿ ಬಾರ್ಡರ್‌ಲ್ಯಾಂಡ್’ (1908) ಸಾಕು; ಇನ್ನೂ ಚಿಕ್ಕದು ಬೇಕಾದರೆ ‘ದಿ ವಾಯ್ಸ್ ಇನ್ ದಿ ನೈಟ್’ (1907). ಇ. ಆರ್. ಎಡಿಸನ್‌ನ ‘ದಿ ವರ್ಮ್ ಔರೊಬೊರೊಸ್’ (1922) ಅನ್ನು ಜನ ಮೊದಲ ಅಧ್ಯಾಯದಲ್ಲೇ ಬಿಡುತ್ತಾರೆ. ಲೆಸಿಂಗ್‌ಹ್ಯಾಮ್ ಎಂಬವನು ಕನಸಿನಂತೆ ಬುಧಗ್ರಹಕ್ಕೆ ಹೋಗುವ ಚೌಕಟ್ಟಿನಿಂದ ಅದು ಶುರುವಾಗುತ್ತದೆ, ಸ್ವಲ್ಪದರಲ್ಲೇ ಲೇಖಕ ಅವನನ್ನು ಮರೆತೇಬಿಡುತ್ತಾನೆ. ಓದುಗರೂ ಮರೆಯಬಹುದು ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಕಷ್ಟ ಕಳೆಯುತ್ತದೆ.

ಎಳೆ ಹಿಡಿದು ಹೋಗುವುದು

ಹತ್ತು ಸಭೆ ದಾಟಿದ ಬಳಗಕ್ಕೆ ಬಿಡಿ ಕಥೆಗಳಿಗಿಂತ ಒಂದು ಎಳೆ ಹೆಚ್ಚು ರುಚಿಸುತ್ತದೆ. ಈ ಲೇಖಕರು ಒಬ್ಬರಿಂದೊಬ್ಬರು ಹೆಸರುಗಳನ್ನು ಕಡ ತರುತ್ತಿದ್ದರು. ಆಂಬ್ರೋಸ್ ಬಿಯರ್ಸ್‌ನ ‘ಆ್ಯನ್ ಇನ್‌ಹ್ಯಾಬಿಟಂಟ್ ಆಫ್ ಕರ್ಕೋಸಾ’ (1886) ನಾಲ್ಕೈದು ಪುಟದ ಕಥೆ, ಕರ್ಕೋಸಾ ಅದರಲ್ಲಿನ ಊರು. ಅವನದೇ ‘ಹೈಟಾ ದಿ ಶೆಫರ್ಡ್’ನಲ್ಲಿ ಹಾಸ್ಟರ್ ಎಂಬುದು ಕುರುಬರ ಸೌಮ್ಯ ದೇವರು. ರಾಬರ್ಟ್ ಚೇಂಬರ್ಸ್ 1895ರ ‘ದಿ ಕಿಂಗ್ ಇನ್ ಯೆಲ್ಲೋ’ದಲ್ಲಿ ಎರಡೂ ಹೆಸರು ಎತ್ತಿಕೊಂಡು ಓದಿದವರ ಬುದ್ಧಿ ಕೆಡಿಸುವ ಒಂದು ನಾಟಕದ ಸುತ್ತ ಹೆಣೆದ. ಹಾಸ್ಟರ್ ಹೆಸರನ್ನು ಲವ್‌ಕ್ರಾಫ್ಟ್ ‘ದಿ ವಿಸ್ಪರರ್ ಇನ್ ಡಾರ್ಕ್‌ನೆಸ್’ನಲ್ಲಿ ಸುಳಿವಿನಂತೆ ಬಳಸಿದ, ಡೆರ್ಲೆತ್ ಕೊನೆಗೆ ಹಾಸ್ಟರ್‌ನನ್ನು ಪೂರ್ತಿ ರಾಕ್ಷಸನನ್ನಾಗಿ ಮಾಡಿದ. ನಾಲ್ಕು ಸಭೆಗೆ ಸರಿಹೋಗುತ್ತದೆ. ಚೇಂಬರ್ಸ್ ಪುಸ್ತಕ ಕೊಳ್ಳುವವರಿಗೆ ಒಂದು ಮಾತು: ಹತ್ತು ಕಥೆಗಳಲ್ಲಿ ಹಳದಿ ರಾಜನ ನೆರಳಿರುವುದು ಮೊದಲ ನಾಲ್ಕಕ್ಕೆ. ಕೊನೆಯವು ಪ್ಯಾರಿಸ್‌ನ ಕಲಾವಿದರ ಪ್ರೇಮಕಥೆಗಳು. ಅಲ್ಲೂ ಭಯವನ್ನೇ ಹುಡುಕುತ್ತ ಹೋದವರು ಸುಮ್ಮನೆ ಬೇಸತ್ತುಕೊಳ್ಳುತ್ತಾರೆ.

ಲವ್‌ಕ್ರಾಫ್ಟ್, ಸ್ಮಿತ್, ಹೊವರ್ಡ್ ನಡುವಿನ ಎಳೆ ಇನ್ನೂ ಸ್ವಾರಸ್ಯ. ಲವ್‌ಕ್ರಾಫ್ಟ್ ಈ ಇಬ್ಬರನ್ನೂ ಒಮ್ಮೆಯೂ ಭೇಟಿಯಾಗಲಿಲ್ಲ, ಸ್ನೇಹವೆಲ್ಲ ಕಾಗದದಲ್ಲೇ. ಟ್ಸಥೊಗ್ವಾ ಎಂಬ ದೇವರನ್ನು ಹುಟ್ಟಿಸಿದವನು ಸ್ಮಿತ್. ಆದರೆ ಅವನ ಕಥೆ ಅಚ್ಚಾಗುವ ಮುಂಚೆಯೇ ಹಸ್ತಪ್ರತಿ ಓದಿದ್ದ ಲವ್‌ಕ್ರಾಫ್ಟ್‌ನ ಕಥೆಯಲ್ಲಿ ಆ ಹೆಸರು 1931ರಲ್ಲಿ ಮೊದಲು ಬೆಳಕು ಕಂಡಿತು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ: ನೆಕ್ರೊನೊಮಿಕಾನ್ ಎಂಬ ಗ್ರಂಥ ಲವ್‌ಕ್ರಾಫ್ಟ್ ಕಲ್ಪಿಸಿ ಕಟ್ಟಿದ್ದು. ಆ ಹೆಸರಿನಲ್ಲಿ ಮಾರಾಟವಾಗುವ ಮಂತ್ರದ ಪುಸ್ತಕಗಳೆಲ್ಲ ಅವನ ನಂತರದವರ ಸೃಷ್ಟಿ.

ಕಾದಂಬರಿಗೆ ಕೈಹಾಕುವ ಹೊತ್ತು ಬಂದರೆ ‘ಡ್ರಾಕುಲಾ’ ಸರಿಯಾದ ಮೊದಲ ಹೆಜ್ಜೆ, ಅದಕ್ಕಿಂತ ಇಪ್ಪತ್ತೈದು ವರ್ಷ ಹಿಂದಿನ ಲೆ ಫ್ಯಾನುವಿನ ರಕ್ತಪಿಶಾಚಿ ಕಥೆ ‘ಕಾರ್ಮಿಲಾ’ವನ್ನು ಎರಡು ಸಭೆಯಲ್ಲಿ ಮುಗಿಸಿಕೊಂಡು. ‘ಡ್ರಾಕುಲಾ’ದಲ್ಲಿ 27 ಅಧ್ಯಾಯ. ವಾರಕ್ಕೆ ಮೂರರಂತೆ ಒಂಬತ್ತು ವಾರ. ದಿನಚರಿ, ಪತ್ರ, ತಂತಿ ಸಂದೇಶಗಳಿಂದ ಕಟ್ಟಿದ ಪುಸ್ತಕವಾದ್ದರಿಂದ ಮೇ 3ರಿಂದ ನವೆಂಬರ್‌ವರೆಗೆ ಆಯಾ ದಿನಾಂಕದ ಭಾಗವನ್ನು ಆಯಾ ದಿನವೇ ಓದುವ ಪದ್ಧತಿ ಓದುಗರಲ್ಲಿ ಬೆಳೆದಿದೆ. ಎರಡನೇ ಓದಿಗೆ ಅದು ಚೆಂದ, ಮೊದಲನೆಯದಕ್ಕೆ ಬೇಡ. ಸ್ಟೋಕರ್ ದಿನಾಂಕದ ಕ್ರಮದಲ್ಲಿ ಕಥೆ ಹೇಳಿಲ್ಲ. ಡ್ರಾಕುಲಾನ ಕೋಟೆಯಲ್ಲಿ ಸಿಕ್ಕಿಬಿದ್ದ ಹಾರ್ಕರ್‌ನ ದಿನಚರಿ ಜೂನ್ 30ರವರೆಗೆ ಒಂದೇ ಉಸಿರಿಗೆ ನಾಲ್ಕು ಅಧ್ಯಾಯ ಓಡಿ ನಿಂತ ಮೇಲೆಯೇ ಅವನನ್ನು ಮದುವೆಯಾಗಲಿರುವ ಮೀನಾಳ ಮೇ 9ರ ಪತ್ರ ಬರುತ್ತದೆ. ಡ್ರಾಕುಲಾನನ್ನು ಇಂಗ್ಲೆಂಡಿಗೆ ತಂದ ಡಿಮೀಟರ್ ಹಡಗಿನ ದಾಖಲೆ ಜುಲೈ 6ರಿಂದ ಶುರುವಾದರೂ, ಪುಸ್ತಕದಲ್ಲಿ ಅದು ನಮ್ಮ ಕೈಗೆ ಸಿಗುವುದು ಆಗಸ್ಟ್ 8ರ ಪತ್ರಿಕಾ ವರದಿಯೊಳಗೆ, ಚುಕ್ಕಾಣಿಗೆ ಕಟ್ಟಿಕೊಂಡ ಹೆಣದೊಂದಿಗೆ ಹಡಗು ದಡಕ್ಕೆ ಬಡಿದ ಮೇಲೆ. ದಿನಾಂಕ ಹಿಡಿದು ಹೋದರೆ ಹಡಗಿನಲ್ಲಿ ನಡೆದದ್ದೆಲ್ಲ ಹಡಗು ಕಾಣುವ ಮುಂಚೆಯೇ ಗೊತ್ತಾಗಿಬಿಟ್ಟಿರುತ್ತದೆ.